ಲಲಿತಾಬಾಯಿಗೆ ಅಳು ಬರಲಿಲ್ಲ

ಭಾತಂಬ್ರಾದ ಲಲಿತಾಬಾಯಿಯನ್ನು ಊರವರು ಸತ್ಯವಂತೆ ಎನ್ನಲು ಶುರು ಮಾಡಿದ್ದು ಅವಳ ಐವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಬಾಯಿಬಡಕಿ ಎನ್ನುತ್ತಿದ್ದರು. ಈ ಬಡ್ತಿ ಹೇಗೆ ಸಿಕ್ಕಿತೆಂಬುದು ಅವಳಿಗೂ ಗಂಡ ಧೊಂಡಿಬಾನಿಗೂ ಬಿಟ್ಟರೆ ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆಗಿದ್ದಿಷ್ಟು. ಹಿಂದಿನ ವರ್ಷ ಊರಿನ ಕುರಿಗಳಿಗೆ ವಿಮೆ ಮಾಡಿಸಿ, ಕಿವಿಗೆ ಹಳದಿ ಬಿಲ್ಲೆ ಹೊಡೆದು ಹೋಗಿದ್ದ ಏಜೆಂಟ ಓಂಪ್ರಕಾಶ ಬೇಸಿಗೆಯಲ್ಲಿ ಮತ್ತೆ ಬಂದ. ಕುರಿ ಸತ್ತರೆ ಬಿಲ್ಲೆಯನ್ನೂ ಫೋಟೊವನ್ನೂ ಕಂಪನಿಗೆ ಕಳಿಸಬೇಕು, ಪರಿಹಾರ ಬರುತ್ತದೆ.

"ಸಾಯ್ಲೇಬೇಕಂತ ಏನಿಲ್ರಿ," ಎಂದು ಅವನು ದನಿ ತಗ್ಗಿಸಿದ. "ಜರಾ ಮಲಗಿದ್ರ ಸಾಕು. ಬಂದದ್ರಾಗ ಅರ್ಧ ನಿಮಗ, ಅರ್ಧ ನನಗ."

ಪಕ್ಕದ ಮನೆಯ ದಿಲೀಪ ಅವತ್ತೇ ಹತ್ತು ಕುರಿಗಳನ್ನು ಸಾಯಿಸಿದ. ಒಂದೊಂದನ್ನೇ ಕೆಡವಿ, ಬಿಲ್ಲೆ ಕಿತ್ತು, ಟವೆಲ್ಲಿನಲ್ಲಿ ಮುಖ ಮುಚ್ಚಿ ಅವನು ಅತ್ತ ಪರಿ ನೋಡಿ ದಾರಿಹೋಕರು ನಿಂತು ಸಮಾಧಾನ ಹೇಳಿದರು. ಫೋಟೊ ಮುಗಿದದ್ದೇ ಹತ್ತೂ ಎದ್ದು ಮೇಯಲು ಹೋದವು.

ಮುಂದಿನ ಪಾಳಿ ಲಲಿತಾಬಾಯಿಯದು. ಅವಳಿಗೆ ಹಿಂಜರಿಕೆಯೇನೂ ಇರಲಿಲ್ಲ. ಹಟ್ಟಿಗೆ ಹೊಸ ತಗಡು ಬೇಕಿತ್ತು. ಮೊದಲ ಕುರಿಯನ್ನು ಮಲಗಿಸಿದರು. ಧೊಂಡಿಬಾ ಫೋಟೊದಲ್ಲಿ ಕಾಣದ ಹಾಗೆ ಹಿಂಗಾಲು ಹಿಡಿದು ಕೂತ.

"ಅಳ್ರಿ ಬಾಯಿ," ಎಂದ ಓಂಪ್ರಕಾಶ.

ಅವಳು ತೀರಿಹೋದ ಅವ್ವನನ್ನು ನೆನೆದುಕೊಂಡಳು. ಇನ್ನೇನು ಕಣ್ಣು ತುಂಬಬೇಕು, ಸತ್ತ ಕುರಿ ಕತ್ತು ಚಾಚಿ ಅವಳ ಸೆರಗು ಮೆಲ್ಲತೊಡಗಿತು. ಲಲಿತಾಬಾಯಿ ನಕ್ಕಳು. ಎರಡನೆಯ ಸಲ ಕುರಿ ಸೀನಿತು. ಮೂರನೆಯ ಸಲ ಕುರಿ ಏನೂ ಮಾಡಲಿಲ್ಲ, ಅವಳೇ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು.

"ಕಂಪನಿಗಿ ಮಜಾಕ್ ಮಾಡ್ಲಿಕತ್ತೀರೇನ್ರಿ?" ಎಂದು ರೇಗಿ ಓಂಪ್ರಕಾಶ ಮೋಟರ್‌ಸೈಕಲ್ ಹತ್ತಿ ಹೋಗಿಬಿಟ್ಟ.

ದಿಲೀಪನಿಗೆ ಪರಿಹಾರ ಬಂತು, ಅವಳಿಗೆ ಬರಲಿಲ್ಲ. ಲಲಿತಾಬಾಯಿ ಏಜೆಂಟನನ್ನು ಬೈದು ಓಡಿಸಿದಳಂತೆ ಎಂದು ಸುದ್ದಿ ಹಬ್ಬಿತು. ಹಾಗಲ್ಲ ಎಂದು ಹೇಳಲು ಅವಳು ಬಾಯಿ ತೆರೆದದ್ದೂ ಉಂಟು. ಅಷ್ಟರಲ್ಲಿ ಹೋಟೆಲಿನ ಶಿವರಾಜಪ್ಪ, "ನಿಮ್ಮಂಥೋರು ಊರಿಗಿ ಒಬ್ಬರು ಇರ್ಬೇಕ್ರಿ," ಎನ್ನುತ್ತ ಕೇಳದೆಯೇ ಚಹಾ ತಂದಿಟ್ಟ. ಅವಳು ಸುಮ್ಮನೆ ಕುಡಿದಳು. ಆಮೇಲೆ ಬೇಲಿ ಜಗಳ, ಸೊಸೆ ಜಗಳ ಎಲ್ಲ ಅವಳ ಕಟ್ಟೆಗೇ ಬರತೊಡಗಿದವು.

"ಏನ್ರಿ ಸತ್ಯವಂತ್ರು, ರೊಟ್ಟಿ ಆಗ್ಯಾವೇನ್ರಿ?" ಎಂದು ಧೊಂಡಿಬಾ ದಿನವೂ ಕಾಡುತ್ತಿದ್ದ. ಅವಳು ನಗುತ್ತಿದ್ದಳು, ಆದರೆ ಒಳಗೆಲ್ಲೋ ಚುಚ್ಚುತ್ತಿತ್ತು.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಧೊಂಡಿಬಾ ಬೇವಿನ ಕೆಳಗೆ ತೂಕಡಿಸುತ್ತಿದ್ದಾಗ, ಒಟ್ಟಿಗೆ ಮೇಯುತ್ತಿದ್ದ ಎರಡೂ ಮನೆಯ ಕುರಿಗಳನ್ನು ಯಾರೋ ಟೆಂಪೊಕ್ಕೆ ತುಂಬಿಕೊಂಡು ಹೋದರು. ಅವಳವು ನಾಲ್ಕು, ದಿಲೀಪನವು ಹತ್ತು. ಮೂರನೆಯ ದಿನ ಔರಾದಿನ ಪೊಲೀಸ್ ಠಾಣೆಯಿಂದ ಫೋನು: ಟೆಂಪೊ ಸಿಕ್ಕಿದೆ, ನಾಲ್ಕು ಕುರಿಗಳ ಬಿಲ್ಲೆಯ ನಂಬರು ಲಲಿತಾಬಾಯಿ ಹೆಸರಿನಲ್ಲಿದೆ, ಬಂದು ಒಯ್ಯಿರಿ.

ದಿಲೀಪ ಬಸ್ಸಿನಲ್ಲಿ ಅವಳ ಪಕ್ಕವೇ ಕೂತ. "ಅಕ್ಕಾ, ಕಾಗದದಾಗ ನನ್ನವು ಸತ್ತುಹೋಗ್ಯಾವ. ನನ್ನವು ಅಂದ್ರ ನನ್ನನ್ನೇ ಒಳಗ ಹಾಕ್ತಾರ. ಎಲ್ಲಾ ನಿನ್ನವೇ ಅಂದುಬಿಡು. ಮೂರು ನೀ ಇಟ್ಕೋ."

"ನಾಕು," ಎಂದಳು ಲಲಿತಾಬಾಯಿ.

ದಿಲೀಪ ಸಂಕಟದಿಂದ ಒಪ್ಪಿದ.

ಠಾಣೆಯ ಜಮಾದಾರ ಜಹೀರೋದ್ದೀನ ಅವಳಿಗೆ ಕುರ್ಚಿ ಕೊಟ್ಟ. "ಭಾತಂಬ್ರಾದಾಗ ವಿಚಾರಿಸೀವ್ರಿ. ನೀವು ಸುಳ್ಳ ಹೇಳಂಗಿಲ್ಲ ಅಂತ ಎಲ್ರೂ ಹೇಳಿದ್ರು. ಹದಿನಾಲ್ಕೂ ನಿಮ್ಮವೇ ಅಲ್ಲೇನ್ರಿ?" ಕೇಳುತ್ತಲೇ ಹದಿನಾಲ್ಕು ಎಂದು ಬರೆಯತೊಡಗಿದ.

ಲಲಿತಾಬಾಯಿ ಹೊರಗೆ ನೋಡಿದಳು. ಅಂಗಳದಲ್ಲಿ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಹೂಂ ಎಂದರೆ ಹಟ್ಟಿ ತುಂಬುತ್ತಿತ್ತು. ಆದರೆ ಮಾಡದ ಕೆಲಸಕ್ಕೆ ಆರು ತಿಂಗಳಿಂದ ಹೊಗಳಿಸಿಕೊಂಡು, ಆ ಹೊಗಳಿಕೆಯನ್ನೇ ಇಲ್ಲಿ ಮಾರುವುದು ಅವಳಿಗೆ ತೀರಾ ನಾಚಿಕೆಗೇಡು ಅನ್ನಿಸಿತು. ಅಲ್ಲದೆ ದಿಲೀಪನ ನಾಲ್ಕು ಕುರಿ ತನ್ನ ಹಟ್ಟಿಗೆ ಬಂದರೆ, ನೋಡಿಹೋಗುವ ನೆವದಲ್ಲಿ ದಿಲೀಪನೂ ದಿನಾ ಬರುತ್ತಿದ್ದ. ಅದಂತೂ ಬೇಡವೇ ಬೇಡ.

"ನಾಕು ನಮ್ಮವ್ರಿ," ಎಂದಳು. "ಹತ್ತು ಸತ್ತಾವ್ರಿ."

ಜಹೀರೋದ್ದೀನ ಪೆನ್ನು ಎತ್ತಿದ. ಸತ್ತವುಗಳಲ್ಲೊಂದು ಠಾಣೆಯ ತುಳಸಿ ಗಿಡ ತಿನ್ನುತ್ತಿತ್ತು. ದಿಲೀಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಈ ಸಲ ಅವನ ಅಳು ನಿಜವಾಗಿತ್ತು.

ಲಲಿತಾಬಾಯಿ ತಾನು ಮಲಗಿಸಿದ ಕುರಿಯನ್ನೂ ಬಿಡದೆ ಎಲ್ಲವನ್ನೂ ಹೇಳಿದಳು. ಹಾಗೆ ಹೇಳುವಾಗ ಎದೆ ಹಗುರಾಯಿತು. ಜಮಾದಾರ ನಗು ತಡೆಯಲಾರದೆ ಎರಡು ಸಲ ಹೊರಗೆ ಹೋಗಿಬಂದ. ಕೊನೆಗೆ, ಪರಿಹಾರವನ್ನು ಕಂಪನಿಗೆ ವಾಪಸು ಕಟ್ಟಿ ರಸೀದಿ ತಂದರೆ ದಿಲೀಪನ ಕುರಿ ಬಿಡುತ್ತೇನೆ, ಕೇಸಿನ ಮಾತು ಆಮೇಲೆ ಎಂದ. ಅಷ್ಟರಲ್ಲಿ ಓಂಪ್ರಕಾಶನ ಫೋನು ಸ್ವಿಚ್ಚಾಫ್ ಆಗಿತ್ತು. ಅವನ ಅರ್ಧವೂ ದಿಲೀಪನ ತಲೆಗೇ ಬಿತ್ತು.

ವಾರದವರೆಗೆ ದಿಲೀಪ ಅವಳ ಮುಖ ನೋಡಲಿಲ್ಲ. ಎಂಟನೆಯ ದಿನ ಬಾಗಿಲಲ್ಲಿ ನಿಂತ. "ರೊಕ್ಕ ಕಟ್ಟೋ ಕಂಪನಿ ಆಫೀಸ್ ಬೀದರಿನ ಮೈಲೂರಾಗ ಅದ. ಒಬ್ಬನೇ ಹೋಗ್ಲಿಕ್ಕಿ ಅಂಜಿಕಿ. ನಿನ್ನ ಮಾತು ನಂಬ್ತಾರ, ಬರ್ತೀಯೇನಕ್ಕಾ?"

ಲಲಿತಾಬಾಯಿ ಚಪ್ಪಲಿ ಮೆಟ್ಟಿಕೊಂಡಳು. "ಬರ್ತೇನಿ. ಬಸ್ ಚಾರ್ಜು ನಿಂದು, ಊಟಾ ನಿಂದು. ಊಟದ ಮ್ಯಾಲ ಜಿಲೇಬಿನೂ."