ಸೂಜಿ ಹಾರುತ್ತಿದ್ದ ಜಾಗ

ಪಪ್ಪ ಹಡಗಿನ ಕೆಲಸ ಬಿಟ್ಟು ಬರುವಾಗ ತಂದ ರೆಕಾರ್ಡು ಅದು. ಕವರಿನ ಮೇಲೆ ಬೋ ಟೈ ಕಟ್ಟಿದ ಗಾಯಕ, ಅವನ ಹಿಂದೆ ಮಸುಕಾಗಿ ಪಿಟೀಲಿನವರ ಸಾಲು. ಎಲ್ಲವೂ ಇಂಗ್ಲಿಷ್ ಪ್ರೇಮಗೀತೆಗಳು. ಸೀತಾಂಗೋಳಿ ಸುತ್ತಿನ ನಮ್ಮ ಕ್ರೈಸ್ತರ ಮನೆಗಳಲ್ಲಿ ಮದುವೆಯಿದ್ದರೆ ರೆಕಾರ್ಡು, ಪ್ಲೇಯರು ಎರಡೂ ಜೀಪು ಹತ್ತುತ್ತಿದ್ದವು. ವಧೂವರರ ಮೊದಲ ಕುಣಿತಕ್ಕೆ ಎರಡನೇ ಬದಿಯ ಮೊದಲ ಹಾಡೇ ಆಗಬೇಕಿತ್ತು.

ಆ ಹಾಡಿನಲ್ಲೊಂದು ಗೀರು. ಪಿಟೀಲುಗಳು ಏರುವಲ್ಲೆಲ್ಲೋ ಸೂಜಿ ಹಾರಿ, ಒಂದು ಸಾಲು ತಪ್ಪಿಹೋಗುತ್ತಿತ್ತು. ಹಾರಿದ ಕ್ಷಣಕ್ಕೆ ಗಂಡು ಹೆಣ್ಣಿನ ಕೈ ಮೇಲೆತ್ತಿ ಅವಳನ್ನು ಒಂದು ಸುತ್ತು ತಿರುಗಿಸುವುದೇ ನಮ್ಮಲ್ಲಿ ಪದ್ಧತಿಯಾಯಿತು. ಆಮೇಲೆ ಬಂದ ಬ್ಯಾಂಡಿನವರೂ ಆ ಸಾಲು ಬಿಟ್ಟೇ ನುಡಿಸುತ್ತಿದ್ದರು.

"ನಿಮ್ಮೂರಿನವರಿಗೆ ಮುಕ್ಕಾಲು ಹಾಡು ಸಾಕಾ ಮಾರಾಯ?" ಎಂದು ಮಂಗಳೂರಿನ ನೆಂಟರೊಬ್ಬರು ನಕ್ಕದ್ದುಂಟು.

ಪಪ್ಪ ಅಮ್ಮನನ್ನು ಹಾಗೆ ತಿರುಗಿಸಿದ್ದನ್ನು ನಾನು ನೋಡಿದ್ದೇನೆಯೇ, ಅಮ್ಮ ಹೇಳಿದ್ದನ್ನು ಕೇಳಿ ಕೇಳಿ ನೋಡಿದಂತೆ ಆಗಿದೆಯೇ, ಗೊತ್ತಿಲ್ಲ.

ಪಪ್ಪ ಹೋಗಿ ಬಹಳ ವರ್ಷವಾಯಿತು. ಈ ಬೇಸಿಗೆಯಲ್ಲಿ ಅಮ್ಮನಿಗೆ ಇನ್ನು ಚಿಕಿತ್ಸೆ ಬೇಡವೆಂದು ಡಾಕ್ಟರು ಹೇಳಿದರು. ನೋವಿನ ಔಷಧಿ ಕೊಡಲು ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬಂದು ಹೋಗುತ್ತಿದ್ದರು. ಅಮ್ಮ ಕೇಳಿದ್ದು ಒಂದೇ: "ಆ ಹಾಡು ಒಮ್ಮೆ ಹಾಕು."

ಫೋನಿನಲ್ಲಿ ಹಾಕಿದೆ. ಪಿಟೀಲು ಏರುವಾಗ ಹೊದಿಕೆಯಿಂದ ಅಮ್ಮನ ಕೈ ಮೇಲೆದ್ದಿತು. ಹಾಡು ಹಾರಲಿಲ್ಲ, ಮುಂದುವರಿಯಿತು. ಕೈ ಸ್ವಲ್ಪ ಹೊತ್ತು ಹಾಗೇ ನಿಂತು ಕೆಳಗಿಳಿಯಿತು.

"ಇದಲ್ಲ."

ರೆಕಾರ್ಡು ಅಮ್ಮನ ತಂಗಿ, ನಮ್ಮ ಮಾವ್ಶಿಯ ಮನೆಯಲ್ಲಿತ್ತು. ತಾರಸಿಯ ಶೀಟಿನ ಕೆಳಗಿಟ್ಟಿದ್ದರಿಂದ ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗಿತ್ತು. ಹಾಗಾದರೆ ಫೋನಿನ ಹಾಡಿನಲ್ಲೇ ಆ ಸಾಲು ಕತ್ತರಿಸೋಣ ಎಂದೆ.

"ಕತ್ತರಿಸುವುದು ಎಂತ ದೊಡ್ಡ ಕೆಲಸ ಅಲ್ಲ ಪುತಾ," ಎಂದಳು ಮಾವ್ಶಿ. "ಯಾವ ಸಾಲು? ಅದು ಹೇಳು."

"ಪಿಟೀಲು ಏರಿದ ಕೂಡಲೇ."

"ಅಲ್ಲಪ್ಪ. ಅದರ ನಂತರದ್ದು. ನಾನು ಕುಣಿದವಳು. ನೀನು ಐಸ್‌ಕ್ರೀಮಿನ ಹತ್ತಿರ ಇದ್ದವನು."

ಬ್ಯಾಂಡಿನವರಲ್ಲಿ ಕೇಳಲು ಯಾರೂ ಉಳಿದಿರಲಿಲ್ಲ. ಅವಳು ಹೇಳಿದ್ದೇ ಸರಿಯಿರಬಹುದಿತ್ತು. ಆದರೂ ನಾನು ನನ್ನ ಜಾಗದಲ್ಲೇ ಕತ್ತರಿಸಿದೆ. ಯಾಕೆಂದು ಇವತ್ತಿಗೂ ಹೇಳಲಾರೆ.

ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಕೈ ಏಳಲೇ ಇಲ್ಲ. ಹಾಡು ಹಾರಿದಾಗ ಹುಬ್ಬು ಗಂಟಿಕ್ಕಿತು.

"ಬಂದ್ ಮಾಡು," ಎಂದಳು.

ಮಾವ್ಶಿ ಹೇಳಿದ ಜಾಗದಲ್ಲಿ ಕತ್ತರಿಸಿದ ಇನ್ನೊಂದನ್ನು ಮರುದಿನ ತಯಾರು ಮಾಡಿದೆ. ಅಷ್ಟರಲ್ಲಿ ಔಷಧಿಯ ಮಂಪರು ಹೆಚ್ಚಾಗಿತ್ತು. ಕಿವಿಯ ಹತ್ತಿರ ಫೋನ್ ಹಿಡಿದೆ, ಕೇಳಿಸಿತೋ ಇಲ್ಲವೋ. ಆ ವಾರವೇ ಅಮ್ಮ ತೀರಿಹೋದಳು.

ಎರಡೂ ಫೋನಿನಲ್ಲಿವೆ. ಹಳೆಯ ಮದುವೆಗಳನ್ನು ನೆನೆದರೆ ಸೂಜಿ ಈಗ ನಾನು ಕತ್ತರಿಸಿದಲ್ಲೇ ಹಾರುತ್ತದೆ, ಅಮ್ಮ ಬಂದ್ ಮಾಡೆಂದಲ್ಲಿ. ಮೊದಲು ಎಲ್ಲಿ ಹಾರುತ್ತಿತ್ತೆಂದು ನನಗೆ ಕೇಳಿಸುವುದೇ ಇಲ್ಲ.