ಕಾವೇರಿ ಟೀಚರ್ ಇಲ್ಲದ ಮನೆಗೆ ರಿಹರ್ಸಲ್

ದಸರಾ ರಜೆಯಲ್ಲಿ ತಾನು ನೇಪಾಳಕ್ಕೆ ಹೋಗಿ ಅನ್ನಪೂರ್ಣ ಪರ್ವತದ ಬೇಸ್ ಕ್ಯಾಂಪಿನವರೆಗೆ ಚಾರಣ ಮಾಡಿ ಬರುವುದಾಗಿ ಕಾವೇರಿ ಹೇಳಿದಾಗ, ಕುಸನೂರಿನ ಆ ಮನೆಯಲ್ಲಿ ಪರ್ವತದ ಎತ್ತರವನ್ನು ಯಾರೂ ಕೇಳಲಿಲ್ಲ. ಅಲ್ಲಿ ಚಳಿ ಎಷ್ಟು, ದಾರಿಯಲ್ಲಿ ಏನಾದರೂ ಆದರೆ ಗತಿ ಏನು ಎಂದೂ ಕೇಳಲಿಲ್ಲ. ಗಂಡ ವಿವೇಕಾನಂದ ಚಹಾದ ಕಪ್ಪನ್ನು ಕೆಳಗಿಟ್ಟು, ಬಹಳ ಆಳವಾಗಿ ಯೋಚಿಸಿದವನ ಹಾಗೆ, "ಮತ್ತ ಊಟದ್ದು?" ಎಂದ.

ಯಾರ ಊಟ ಎಂದು ಕೇಳುವ ಅಗತ್ಯವಿರಲಿಲ್ಲ. ಬೇಸ್ ಕ್ಯಾಂಪಿನಲ್ಲಿ ಕಾವೇರಿ ಏನು ಉಣ್ಣುತ್ತಾಳೆ ಎಂಬ ಚಿಂತೆಯಂತೂ ಅದಾಗಿರಲಿಲ್ಲ.

ಕಾವೇರಿ ಕಮಲಾಪುರದ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹುಟ್ಟಿದ್ದೂ ಅದೇ ಊರಲ್ಲಿ. ಬಾಳೆ ತೋಟಕ್ಕೆ ಕೂಲಿಗೆ ಹೋದ ತಾಯಿಗೆ ಬುತ್ತಿ ಒಯ್ಯುತ್ತ, ಬದುವಿನ ಮೇಲೆ ಓಡಿ ಓಡಿಯೇ ರಾಜ್ಯಮಟ್ಟದ ಓಟಗಾರ್ತಿಯಾದವಳು. ಮದುವೆಯಾದ ಮೇಲೂ ಅವಳ ಓಟ ನಿಲ್ಲಲಿಲ್ಲ. ಬಸ್ಸಿನ ಹಿಂದೆ ಮುಂದುವರಿಯಿತು. ಬೆಳಿಗ್ಗೆ ಎಲ್ಲರಿಗೂ ರೊಟ್ಟಿ ಬಡಿದು, ಪಲ್ಯ ಮಾಡಿ, ಡಬ್ಬಿ ಕಟ್ಟಿ ಕಮಲಾಪುರದ ಬಸ್ಸು ಹಿಡಿಯುತ್ತಾಳೆ. ಸಂಜೆ ಅದೇ ಬಸ್ಸಿನಲ್ಲಿ ಬಂದು ಉಳಿದರ್ಧ ಕೆಲಸಕ್ಕೆ ಹಾಜರಾಗುತ್ತಾಳೆ. ಶಾಲೆಯಲ್ಲಿ ಅವಳು ಸೀಟಿ ಊದಿದರೆ ಮುನ್ನೂರು ಮಕ್ಕಳು ಸಾಲಾಗಿ ನಿಲ್ಲುತ್ತವೆ. ಮನೆಯಲ್ಲಿ ಸೀಟಿ ಊದುವ ಹಕ್ಕು ಕುಕ್ಕರಿಗೆ ಮಾತ್ರ ಇದೆ. ಅದು ಊದಿದರೆ ಓಡಿ ಬರುವವಳೂ ಅವಳೇ.

ನಲವತ್ತಾರನೆಯ ವಯಸ್ಸಿನಲ್ಲಿ ಅವಳಿಗೆ ಈ ಹುಚ್ಚು ಯಾಕೆ ಹಿಡಿಯಿತು ಎಂದು ನೆಂಟರಿಷ್ಟರು ಬಹಳ ತಲೆ ಕೆಡಿಸಿಕೊಂಡರು. ಕಾರಣ ಸಣ್ಣದು. ಎಷ್ಟೋ ವರ್ಷ ಬೇರೆಯವರ ಮಕ್ಕಳನ್ನು ಕ್ರೀಡಾಕೂಟಗಳಿಗೆ ಕರೆದೊಯ್ದು, ಗೆರೆಯ ಈಚೆ ನಿಂತು ಚಪ್ಪಾಳೆ ತಟ್ಟಿದವಳಿಗೆ ಒಮ್ಮೆ ಗೆರೆಯ ಆಚೆ ಹೋಗಬೇಕೆನಿಸಿತ್ತು, ಅಷ್ಟೆ. ವಿದೇಶಕ್ಕೆ ಹೋಗಲು ಶಿಕ್ಷಣ ಇಲಾಖೆಯ ಅನುಮತಿ ಬೇಕಿತ್ತು. ಅರ್ಜಿ ಹಾಕಿದಳು. ಇಲಾಖೆಯಂಥ ಇಲಾಖೆಯೇ ಅನುಮತಿ ಕೊಟ್ಟಿತು. ಮನೆಯದು ಇನ್ನೂ ಪರಿಶೀಲನೆಯಲ್ಲಿತ್ತು.

ಹಾಗಂತ ಮನೆಯವರೇನು ಹಳೆಯ ಕಾಲದವರಲ್ಲ. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ವಿವೇಕಾನಂದ, ಮಹಿಳಾ ದಿನಾಚರಣೆಯಂದು ಭಾಷಣವನ್ನೂ ಮಾಡಿದ್ದ. ಕಚೇರಿಯಲ್ಲಿ ಅವನು ಈಗಾಗಲೇ, "ನಮ್ಮ ಮನಿಯವರಿಗೆ ಹಿಮಾಲಯಕ್ಕ ಕಳಸಾಕತ್ತೀನಿ" ಎಂದು ಹೇಳಿ ಶಹಬ್ಬಾಸ್ ಗಿಟ್ಟಿಸಿಕೊಂಡಿದ್ದ. ಟಿಕೆಟ್ಟಿಗೆ ಹೋಗಬೇಕಾದದ್ದು ಕಾವೇರಿಯ ಸಂಬಳ, ಹತ್ತಬೇಕಾದವು ಕಾವೇರಿಯ ಕಾಲು. ಕಳಿಸುವವನು ಮಾತ್ರ ಅವನು. ಬಿಬಿಎ ಓದುವ ಮಗ ಕಪಿಲ ನಾಲ್ಕು ವಿಡಿಯೊ ನೋಡಿ ಪರ್ವತಾರೋಹಣದ ಪಂಡಿತನಾಗಿಬಿಟ್ಟ. ಜಿಮ್ಮಿನಿಂದ ಬಂದು ಸೋಫಾದಲ್ಲಿ ಕಾಲು ಚಾಚಿ, ಎತ್ತರದಲ್ಲಿ ಆಮ್ಲಜನಕ ಹೇಗೆ ಕಡಿಮೆಯಾಗುತ್ತದೆ, ತಾಯಿ ದಿನಾ ಎಷ್ಟು ಮೆಟ್ಟಿಲು ಹತ್ತಬೇಕು ಎಂದು ವಿವರಿಸುತ್ತಿದ್ದ. ಆ ಹೊತ್ತಿಗೆ ತಾಯಿ ಅವನ ಮೊಟ್ಟೆ ಬೇಯಿಸುತ್ತಿದ್ದಳು.

ಅತ್ತೆ ಅಂಬಮ್ಮನ ತೊಡಕೇ ಬೇರೆ. ಮಂದಿಗೆ ಏನೆಂದು ಹೇಳುವುದು? ಕೆಲಸವಿಲ್ಲದೆ, ಹರಕೆಯಿಲ್ಲದೆ ಹೆಂಗಸು ಒಬ್ಬಳೇ ಗುಡ್ಡ ಏರಲು ಹೋಗುತ್ತಾಳೆ ಎಂದರೆ ಯಾರಿಗೂ ಅರ್ಥವಾಗದು. ನೇಪಾಳದಲ್ಲಿ ಲುಂಬಿನಿ ಇದೆ, ಬುದ್ಧ ಹುಟ್ಟಿದ ಜಾಗ. ಅಲ್ಲಿಗೆ ಯಾತ್ರೆಗೆ ಹೋಗುತ್ತಾಳೆ ಎನ್ನೋಣ ಎಂದು ಮುದುಕಿ ತಾನೇ ತೀರ್ಮಾನಿಸಿ, ಮರುದಿನದಿಂದಲೇ ಓಣಿಯಲ್ಲಿ ಹಾಗೆ ಸಾರತೊಡಗಿದಳು. ಆದರೂ ಸಮಾಧಾನವಾಗದೆ ಒಂದು ದಿನ ಸೊಸೆಯನ್ನು ಕೇಳಿಯೇಬಿಟ್ಟಳು.

"ಅಲ್ಲಬೇ, ಇಷ್ಟು ದೊಡ್ಡ ಸಂಸಾರ ಬಿಟ್ಟು ಹೋಗ್ತಿ ಅಂದ್ರ ಹೆಂಗ?"

ಕಾವೇರಿ ಪಡಸಾಲೆಯ ಗೋಡೆಯ ಮೇಲಿದ್ದ ಬುದ್ಧನ ಪಟದ ಕಡೆ ನೋಡಿದಳು. "ಅವ್ರು ಹೋಗುವಾಗ ರೊಟ್ಟಿ ಯಾರು ಬಡೀತಾರ ಅಂತ ಯಾರರ ಕೇಳಿದ್ರೇನು ಅತ್ತಿ? ನಾ ತಿರುಗಿ ಬರ್ತೀನಲ್ಲ."

ಚಾರಣ ಏರ್ಪಡಿಸುವ ಸಂಸ್ಥೆಯವರು ಹೊರಡುವ ಮೊದಲು ಪ್ರತಿಯೊಬ್ಬರನ್ನೂ ಗೈಡ್ ಜೊತೆ ಫೋನಿನಲ್ಲಿ ಮಾತಾಡಿಸುತ್ತಿದ್ದರು. ಕಾವೇರಿಯ ಗುಂಪಿನ ಗೈಡ್ ಪೋಖರಾದ ಒಬ್ಬ ಹೆಂಗಸು. ಹಿಂದಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದಳು. ಎತ್ತರಕ್ಕೆ ದೇಹ ಒಮ್ಮೆಲೇ ಒಗ್ಗುವುದಿಲ್ಲ. ಸ್ವಲ್ಪ ಮೇಲೆ ಹೋಗಬೇಕು, ಕೆಳಗಿಳಿದು ಬಂದು ಮಲಗಬೇಕು, ಮರುದಿನ ಇನ್ನಷ್ಟು ಮೇಲೆ ಹೋಗಬೇಕು. ತಲೆ ನೋವು ಬಂದರೆ ಬಾಯಿ ಬಿಟ್ಟು ಹೇಳಬೇಕು. ಗುಂಪಿಗೆ ತೊಂದರೆಯಾದೀತೆಂದು ನೋವು ನುಂಗಿಕೊಂಡವರನ್ನೇ ತಾನು ಹೊತ್ತು ಇಳಿಸಿದ್ದು ಹೆಚ್ಚು ಎಂದಳು.

ಫೋನಿಟ್ಟ ಮೇಲೆ ಕಾವೇರಿಗೆ ಹೊಳೆದದ್ದು, ಎತ್ತರಕ್ಕೆ ಒಗ್ಗಬೇಕಾದದ್ದು ತನ್ನ ದೇಹವೊಂದೇ ಅಲ್ಲ ಎಂದು. ಮನೆಯನ್ನೂ ಒಗ್ಗಿಸಬೇಕು. ಎರಡು ವಾರ ಒಮ್ಮೆಲೇ ತಾನಿಲ್ಲದಿದ್ದರೆ ಅದಕ್ಕೆ ಉಸಿರು ಕಟ್ಟೀತು. ಸ್ವಲ್ಪ ಸ್ವಲ್ಪವಾಗಿ ಇಲ್ಲವಾಗಿ ತೋರಿಸಬೇಕು. ಅದು ನಡೆದರೆ ಹೋಗುವುದು, ನಡೆಯದಿದ್ದರೆ ಬಿಡುವುದು. ಸಂಸ್ಥೆಗೆ ಕೊನೆಯ ಮಾತು ತಿಳಿಸಲು ಇನ್ನೂ ತಿಂಗಳಿತ್ತು.

ಮೊದಲ ರಿಹರ್ಸಲ್ ಒಂದು ಸಂಜೆಯದು. ಶಾಲೆಯ ಕೆಲಸವಿದೆ ಎಂದು ತಡವಾಗಿ ಬಂದಳು. ಮನೆಯವರು ಖಾನಾವಳಿಯಿಂದ ಊಟ ತರಿಸಿ, ಅದಕ್ಕೆ ಪಾರ್ಟಿ ಎಂದು ಹೆಸರಿಟ್ಟು, ಪಾತ್ರೆಗಳನ್ನು ಅವಳಿಗಾಗಿ ಜೋಪಾನವಾಗಿ ಕಾಯ್ದಿರಿಸಿದ್ದರು.

ಎರಡನೆಯದು ಒಂದು ರಾತ್ರಿಯದು. ಅವಳ ಶಾಲೆಯ ಗಣಿತದ ಟೀಚರ್ ಜೀನತ್, ಗಂಡ ಶಬ್ಬೀರ್ ಜೊತೆ ಕಮಲಾಪುರದಲ್ಲೇ ಮನೆ ಮಾಡಿಕೊಂಡಿದ್ದಳು. ಕಾವೇರಿ ಅಲ್ಲಿ ಉಳಿದಳು. ಶಬ್ಬೀರ್ ಮದುವೆಗಳಿಗೆ ಅಡುಗೆ ಮಾಡುವ ಬಾವರ್ಚಿ. ಮನೆಯಲ್ಲೂ ಒಲೆ ಅವನದೇ. ಅವನು ಈರುಳ್ಳಿ ಹೆಚ್ಚುತ್ತಿದ್ದರೆ ಕಾವೇರಿಗೆ ಕುಳಿತಲ್ಲಿ ಕೂರಲಾಗಲಿಲ್ಲ, ಎರಡು ಸಲ ಎದ್ದು ಹೋದಳು. ಜೀನತ್ ಸೆರಗು ಹಿಡಿದು ಕೂಡಿಸಿದಳು. ಅಷ್ಟರಲ್ಲಿ ಕುಸನೂರಿನಿಂದ ಫೋನುಗಳು ಶುರುವಾದವು; ಮಗಳು ಕೋಚಿಂಗಿನಿಂದ ಇನ್ನೂ ಮನೆಗೆ ಬಂದಿರಲಿಲ್ಲ. ಚಹಾಪುಡಿ ಎಲ್ಲಿದೆ? ಎಷ್ಟೋ ವರ್ಷಗಳಿಂದ ಎಲ್ಲಿತ್ತೋ ಅಲ್ಲೇ. ಗ್ಯಾಸ್ ಹೊತ್ತುತ್ತಿಲ್ಲ. ಕೆಳಗಿನ ಕೀಲಿ ತಿರುಗಿಸಬೇಕು. ಯಾವ ಕಡೆಗೆ?

"ನೀ ಗುಡ್ಡದ ಮ್ಯಾಲ ಹೋದಾಗ ಅಲ್ಲಿ ನೆಟ್‌ವರ್ಕ್ ಸಿಗಂಗಿಲ್ಲಂತಲ್ಲ," ಎಂದಳು ಜೀನತ್. "ಅದಕ್ಕೇ ಹೋಗಬೇಕು ನೋಡು."

ಮೂರನೆಯ ರಿಹರ್ಸಲ್ ಶುಕ್ರವಾರದಿಂದ ಭಾನುವಾರದವರೆಗೆ. ಈ ಸಲ ಒಂದೂ ಫೋನು ಬರಲಿಲ್ಲ. ಭಾನುವಾರ ಸಂಜೆ ಹೆದರುತ್ತಲೇ ಬಾಗಿಲು ತೆಗೆದರೆ, ಪಾತ್ರೆ ತೊಳೆದು ಬೋರಲು ಹಾಕಿತ್ತು, ಕಟ್ಟೆ ಒರೆಸಿತ್ತು, ಬುಟ್ಟಿಯಲ್ಲಿ ಬಿಳಿ ಬಟ್ಟೆಯಡಿ ರೊಟ್ಟಿ ಇದ್ದವು. ವಿವೇಕಾನಂದ ಯುದ್ಧ ಗೆದ್ದವನಂತೆ ಬಾಗಿಲಲ್ಲಿ ನಿಂತಿದ್ದ.

"ನೋಡು, ಎಲ್ಲಾ ನಾವೇ ಮಾಡ್ಕೊಂಡ್ವಿ. ನೀ ಆರಾಮ ಹೋಗಿ ಬಾ."

ಕಾವೇರಿ ಚೀಲವನ್ನು ಕೆಳಗಿಟ್ಟಳು. ಇಷ್ಟು ವರ್ಷ ತಾನೇ ಇವರನ್ನು ಕೈಲಾಗದವರನ್ನಾಗಿ ಮಾಡಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಗಂಡಸರು ಒಂದು ಲೋಟ ಎತ್ತಿಟ್ಟರೆ ಅದರ ಪಾಪವೂ ಹೆಂಗಸಿನ ತಲೆಗೇ ಬರುವುದು ಹೀಗೆ. ಸೋಮವಾರ ಶಾಲೆಯಲ್ಲಿ ಜೀನತ್‌ಳಿಗೆ ಹೇಳಿದಳು. ಜೀನತ್ ತಾಳೆ ನೋಡುತ್ತಿದ್ದ ಹಾಜರಿ ಪುಸ್ತಕದಿಂದ ತಲೆ ಎತ್ತದೆ, ಅನ್ನ ಸಾರಾದರೆ ನಂಬಬಹುದಿತ್ತು, ಜೋಳದ ರೊಟ್ಟಿ ಬಡಿದರು ಎಂದರೆ ತನಗೊಂದು ತಂದು ತೋರಿಸಬೇಕು ಎಂದಳು.

ಅಂದು ಸಂಜೆ ಕಾವೇರಿ ಬುಟ್ಟಿಯ ಬಟ್ಟೆ ಸರಿಸಿ, ಉಳಿದಿದ್ದ ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದಳು. ತೆಳ್ಳಗೆ, ದುಂಡಗೆ ಇತ್ತು. ಒಂದು ಅಂಚು ಮಾತ್ರ ತುಸು ದಪ್ಪ, ಬೆರಳಿನ ಗುರುತುಗಳು ತಾನು ಬಡಿಯುವುದಕ್ಕೆ ವಿರುದ್ಧ ದಿಕ್ಕಿನಲ್ಲಿದ್ದವು. ಎಡಗೈಯಲ್ಲಿ ಬಡಿಯುವವರ ರೊಟ್ಟಿ ಅದು. ಆ ಮನೆಯಲ್ಲಿ ಎಡಗೈಯವರು ಒಬ್ಬರೇ. ಮಗಳು ಸಂಘಮಿತ್ರಾ.

ಮಿತ್ರಾ ದ್ವಿತೀಯ ಪಿಯುಸಿಯಲ್ಲಿದ್ದಳು. ಒಳಕೋಣೆಯಲ್ಲಿ ಪುಸ್ತಕದ ಮುಂದೆ ಕುಳಿತವಳ ಅಂಗಿಯ ತೋಳನ್ನು ಕಾವೇರಿ ಮೇಲೇರಿಸಿದಳು. ಮಣಿಕಟ್ಟಿನ ಮೇಲೆ ಹಂಚು ತಾಗಿ ಸುಟ್ಟ ಗೆರೆ. ಕೇಳಿದ ಮೇಲೆ ಒಂದೊಂದಾಗಿ ಹೊರಬಂತು. ಮೂರು ದಿನದ ಅಡುಗೆ, ಕಸ, ಪಾತ್ರೆ ಎಲ್ಲಾ ಅವಳೇ. ಶನಿವಾರದ ಕೋಚಿಂಗ್ ಪರೀಕ್ಷೆಗೂ ಹೋಗಿರಲಿಲ್ಲ. ಅಣ್ಣ ಮೊಸರು ತಂದುಕೊಟ್ಟಿದ್ದ. ಅಪ್ಪ ಹಿಂದೆ ನಿಂತು, ಎಷ್ಟು ಚಂದ ಮಾಡಾಕತ್ತಿ ಎಂದು ಹೊಗಳಿದ್ದ.

"ನನಗ ಒಂದು ಫೋನ್ ಮಾಡಬೇಕಿತ್ತಿಲ್ಲ?"

"ಮಾಡಿದ್ರ ನೀ ಹೋಗಾದು ಬಿಡ್ತಿದ್ದಿ," ಎಂದಳು ಮಿತ್ರಾ. "ನೀ ಹೋಗಬೇಕವ್ವಾ. ಹದಿನೈದು ದಿನ ನಾ ತಡೀತೀನಿ."

ನೋವು ನುಂಗಿಕೊಂಡವರ ಬಗ್ಗೆ ಗೈಡ್ ಹೇಳಿದ್ದು ಪರ್ವತದ ಮಾತೆಂದು ಕಾವೇರಿ ತಿಳಿದಿದ್ದಳು. ಮೊದಲು ಅವಳ ಬಾಯಿಗೆ ಬಂದದ್ದು ರೂಢಿಯ ಉತ್ತರವೇ. ಬೇಡ, ಬಿಟ್ಟುಬಿಡುತ್ತೇನೆ, ನಿನ್ನ ಪರೀಕ್ಷೆ ಮುಗಿಯಲಿ. ಕಾವೇರಿಯ ತಾಯಿ ಹಾಗೆಯೇ ಏನನ್ನೋ ಬಿಟ್ಟಿದ್ದಳು, ಅತ್ತೆಯೂ. ಈಗ ತಾನು ಬಿಟ್ಟರೆ ಇನ್ನು ಇಪ್ಪತ್ತೈದು ವರ್ಷಕ್ಕೆ ಮಿತ್ರಾ ಇನ್ಯಾವುದನ್ನೋ ಬಿಡುತ್ತಾಳೆ. ಮಾತನ್ನು ನುಂಗಿ ಪಡಸಾಲೆಗೆ ಬಂದಳು. ಅಲ್ಲಿ ಅಂಬಮ್ಮ ಅವರೆಕಾಯಿ ಸುಲಿಯುತ್ತಿದ್ದಳು, ತಂದೆ ಮಗ ಮೊಬೈಲ್ ನೋಡುತ್ತಿದ್ದರು.

ರೊಟ್ಟಿ ಬಡಿದವರು ಯಾರೆಂದು ಕೇಳಿದಾಗ ವಿವೇಕಾನಂದನಿಗೆ ಸಿಕ್ಕಿಬಿದ್ದೆನೆಂಬ ಭಾವನೆಯೇ ಬರಲಿಲ್ಲ. ಅದೇ ಅವನ ದೊಡ್ಡ ಗುಣ. "ಮತ್ತ ಹುಡುಗಿ ಅದಾಳಲ್ಲ! ಅದಕ್ಕೇ ಅಂದೆ, ನಿನಗ್ಯಾಕ ಚಿಂತಿ ಅಂತ."

"ಹುಡುಗಿ ಇರಂಗಿಲ್ಲರೀ," ಎಂದಳು ಕಾವೇರಿ. "ನಾ ಹೋಗಿ ಬರೂತನಾ ಆಕಿ ಕಮಲಾಪುರದಾಗ ಇರ್ತಾಳ, ಜೀನತ್ ಟೀಚರ್ ಹಂತ್ಯಾಕ."

ಅಲ್ಲೇ ನಿಂತು ಜೀನತ್‌ಳಿಗೆ ಫೋನು ಹಚ್ಚಿದಳು. ಜೀನತ್ ಮರುಮಾತಿಲ್ಲದೆ ಒಪ್ಪಿದಳು. ಹುಡುಗಿಗೆ ಗಣಿತ ಕಲಿಸುತ್ತೇನೆ, ಒಲೆಯ ಹತ್ತಿರ ಹೋದರೆ ಶಬ್ಬೀರ್‌ಗೆ ಸಿಟ್ಟು ಬರುತ್ತದೆಂದು ಈಗಲೇ ಹೇಳಿಡು ಎಂದಳು.

ವಿವೇಕಾನಂದ ಸೋಲೊಪ್ಪುವವನಲ್ಲ. ಕೋಟನೂರಿನಲ್ಲಿ ಅವನ ತಂಗಿ ಬಂಡೆಮ್ಮ ಇದ್ದಳು, ಅಂಗನವಾಡಿಯಲ್ಲಿ ಕೆಲಸ. ಎರಡು ವಾರ ಬಂದು ಇದ್ದು ಹೋಗು ಎಂದು ಅವಳಿಗೆ ಫೋನು ಮಾಡಿದ. ಆ ಕಡೆಯಿಂದ ಬಂದ ನಗು ಪಡಸಾಲೆಯವರೆಲ್ಲರಿಗೂ ಕೇಳಿಸಿತು. ನಕ್ಕು ಮುಗಿದ ಮೇಲೆ ಅವಳು, "ಅಣ್ಣಾ, ಕೈ ಏನರ ಮುರಕೊಂಡೀಯೇನು?" ಎಂದು ಕೇಳಿದಳು. ಅವನು ಇಲ್ಲ ಎಂದ. ಹಾಗಾದರೆ ಸರಿ ಎಂದು ಅವಳು ಫೋನಿಟ್ಟಳು.

ಇನ್ನು ಉಳಿದವಳು ಅಂಬಮ್ಮ. ತಂದೆಯೂ ಮಗನೂ ಏಕಕಾಲಕ್ಕೆ ಅವಳ ಕಡೆ ತಿರುಗಿದರು. ಎಪ್ಪತ್ತು ದಾಟಿದ, ಮೊಣಕಾಲು ಹಿಡಿದುಕೊಂಡೇ ಏಳುವ ಮುದುಕಿ ಅವರಿಬ್ಬರ ಕಣ್ಣಿಗೆ ಒಮ್ಮೆಲೇ ಗಟ್ಟಿಮುಟ್ಟಾಗಿ ಕಂಡಿರಬೇಕು. ಕಾವೇರಿ ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ಹೂಂ ಎಂದುಬಿಟ್ಟರೆ ತನ್ನ ಪ್ರಯಾಣ ಅಲ್ಲಿಗೆ ಮುಗಿಯಿತು. ಆ ಮೊಣಕಾಲುಗಳ ಮೇಲೆ ಹತ್ತಿ ಅವಳು ಯಾವ ಪರ್ವತಕ್ಕೂ ಹೋಗಲಾರಳು.

ಅಂಬಮ್ಮ ಸುಲಿದ ಸಿಪ್ಪೆಯನ್ನು ಮೊರದ ಒಂದು ಮೂಲೆಗೆ ಸರಿಸಿದಳು.

"ಯವ್ವಾ ಕಾವೇರಿ, ಆ ಟೀಚರ್ ಮನ್ಯಾಗ ನನಗೂ ಒಂದು ಮಂಚ ಆಗ್ತದೇನು ಕೇಳು. ಗಂಡಸು ಮಾಡಿದ ಅಡಗಿ ಮದುವ್ಯಾಗ ಬಿಟ್ಟರ ನಾ ಎಲ್ಲೂ ಉಂಡಿಲ್ಲ."

ಕಾವೇರಿ ಅತ್ತೆಯ ಪಕ್ಕ ಕುಳಿತು, ಸಂಸ್ಥೆಯವರು ಕೇಳಿದ್ದ ವಿವರಗಳನ್ನು ಮೊಬೈಲಿನಲ್ಲಿ ತುಂಬತೊಡಗಿದಳು. ಹೆಸರು, ವಯಸ್ಸು, ರಕ್ತದ ಗುಂಪು. ಬರುವುದು ಖಚಿತವೇ ಎಂಬಲ್ಲಿ ಹೌದು ಎಂದು ಒತ್ತಿದಳು.

ಸ್ವಲ್ಪ ಹೊತ್ತಿಗೆ ವಿವೇಕಾನಂದ ಎದ್ದು, ಇದೇನು ಮಹಾ ವಿದ್ಯೆ ಎನ್ನುವ ನಡಿಗೆಯಲ್ಲಿ ಅಡುಗೆಮನೆಗೆ ಹೋದ. ಕತ್ತಲಾಗುತ್ತಿತ್ತು. ಒಳಗೆ ಗೋಡೆ ತಡವುವ ಸದ್ದಾಯಿತು, ಏನೋ ಉರುಳಿತು. ಇದೇ ಮನೆಯನ್ನು ಅವನು ನಿಂತು ಕಟ್ಟಿಸಿದವನು. ಒಂದೊಂದು ಇಟ್ಟಿಗೆಯ ಕಥೆಯನ್ನೂ ಬಂದವರಿಗೆಲ್ಲ ಹೇಳುತ್ತಾನೆ.

"ಏ, ಇಲ್ಲಿ ಲೈಟಿನ ಬಟನ್ ಎಲ್ಲಿ ಅದ?" ಎಂದು ಒಳಗಿನಿಂದ ಕೂಗಿದ.

ಉತ್ತರ ಕೊಡಲು ಮಿತ್ರಾ ಒಳಕೋಣೆಯಿಂದ ಎದ್ದು ಬಂದಳು. ಕಾವೇರಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡು, ಅವರೆಕಾಯಿಯ ಮೊರವನ್ನು ಕಪಿಲನ ಮುಂದಕ್ಕೆ ತಳ್ಳಿದಳು.