ಬಾವಿಯಂಥ ವಾಚನಾಲಯ

ಕಟ್ಟಡವೇ ನಾಗರಿಕತೆಯ ಮುಖ ಎನ್ನುತ್ತಾರೆ. ನಮ್ಮ ರಾಜಾಜಿನಗರಕ್ಕೆ ಆಗಿನ್ನೂ ಮೂಗೂ ಮೂಡಿರಲಿಲ್ಲ. ಮುಚ್ಚಿದ ಹಳೇ ಬಾವಿಯ ಜಾಗದಲ್ಲಿ ವಾಚನಾಲಯಕ್ಕೆ ನಕ್ಷೆ ಬರೆದವರು ನೆರೆಮನೆಯ ನಿವೃತ್ತ ಓವರ್‌ಸಿಯರ್. ಮಾತಿಗೊಮ್ಮೆ ಪೇಟ ಸರಿಮಾಡಿಕೊಂಡು, "ಸ್ಥಳದ ಗುಣ ಕಾಣಬೇಕು ಕಣ್ರೀ" ಎನ್ನುವರು. ಅದಕ್ಕೇ ನಕ್ಷೆಯಲ್ಲಿ ದುಂಡು ಗೋಡೆ, ಬಾಗಿಲ ಮೇಲೆ ಸಿಮೆಂಟಿನ ರಾಟೆ. ಪಕ್ಕದ ಹಳ್ಳಿಯವರು ಬೇಡವೆಂದು ಗಲಾಟೆ ಮಾಡಿದಾಗ, ದೆವ್ವದ ಭಯವೆಂದು ಬಡಾವಣೆಯ ನಾವೆಲ್ಲ ನಕ್ಕೆವು.

ಅದಕ್ಕೆಂದು ಕರೆದ ಸಭೆಯಲ್ಲಿ, ಆ ಹಳ್ಳಿಯಿಂದ ನಮಗೆ ಹಾಲು ತರುವ ಅಜ್ಜಿ ಎದ್ದುನಿಂತರು.

"ನನ್ ಮಗಳು ಬಿದ್ದು ಸತ್ತಿದ್ದು ಆ ಬಾವೀಲೇ ಸ್ವಾಮಿ. ದಿನಾ ಆ ರಾಟೆ ನೋಡ್ಕಂಡು ಹೆಂಗೆ ಹಾಲು ತರ್ಲಿ?"

ಓವರ್‌ಸಿಯರ್ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಸ್ಥಳದ ಗುಣ..." ಎಂದವರು ನಕ್ಷೆಯನ್ನು ಸುರುಳಿ ಸುತ್ತಿದರು. ನಾವ್ಯಾರೂ ತಲೆಯೆತ್ತಲಿಲ್ಲ.

ವಾಚನಾಲಯವನ್ನು ಬೇರೆ ರಸ್ತೆಯಲ್ಲಿ, ಚೌಕವಾಗಿ ಕಟ್ಟಿದರು.